ಜಾಲತಾಣಗಳಿಗೆ ಚಿತ್ರದ ಸರಿಯಾದ ಅಳತೆ: ಬಸದಿಯ ಕಾರ್ಯಕ್ರಮಗಳಿಗೂ ಸಣ್ಣ ಉದ್ದಿಮೆಗಳಿಗೂ ಒಂದು ಮಾರ್ಗದರ್ಶಿ

ಬಸದಿಯ ವಾರ್ಷಿಕೋತ್ಸವ, ಪಂಚಕಲ್ಯಾಣ, ಮಹಾವೀರ ಜಯಂತಿ, ದಶಲಕ್ಷಣ ಪರ್ವದ ಪ್ರವಚನ ಹೀಗೆ ಯಾವುದೇ ಕಾರ್ಯಕ್ರಮವಿರಲಿ, ಅದರ ಸುದ್ದಿ ಇಂದು ಸಮಾಜ ಬಾಂಧವರಿಗೆ ಮೊದಲು ತಲುಪುವುದು ವಾಟ್ಸ್‌ಆ್ಯಪ್‌ನಲ್ಲಿ. ಅಂಚೆಯಲ್ಲಿ ಬರುತ್ತಿದ್ದ, ಮೂಲೆಗೆ ಅರಿಶಿನ ಹಚ್ಚಿದ ಆಮಂತ್ರಣ ಪತ್ರಿಕೆಯ ಜಾಗಕ್ಕೆ ಈಗ ಒಂದು ಚಿತ್ರ ಬಂದಿದೆ. ಪತ್ರಿಕೆಯನ್ನು ಮುದ್ರಿಸುವಾಗ ಪ್ರೆಸ್ಸಿನವರು ಅಳತೆ ಕೇಳುತ್ತಿದ್ದರು, ಕರಡು ತೋರಿಸುತ್ತಿದ್ದರು. ಫೋನಿನಲ್ಲಿ ಚಿತ್ರ ಕಳಿಸುವಾಗ ನಮ್ಮನ್ನು ಯಾರೂ ಕೇಳುವುದಿಲ್ಲ. ಆದ್ದರಿಂದ ಆ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ನಮ್ಮ ದೊಡ್ಡಪ್ಪ ಇರುವುದು ಆಲೂರು ತಾಲ್ಲೂಕಿನ ಕೆ. ಹೊಸಕೋಟೆಯ ಕಡೆ, ಕಾಫಿ ತೋಟದಲ್ಲಿ. ಒಂದು ವಾರ್ಷಿಕೋತ್ಸವಕ್ಕೆ ನಾನು ಮುದ್ರಣಕ್ಕೆಂದು ಮಾಡಿದ ಎ4 ಪುಟವನ್ನೇ ಚಿತ್ರವಾಗಿಸಿ ಗುಂಪುಗಳಿಗೆ ಹಾಕಿದೆ. ಯಾರೋ ಅದರ ಸ್ಕ್ರೀನ್‌ಶಾಟ್ ತೆಗೆದು ಹಂಚಿದರು, ಇನ್ಯಾರೋ ಮತ್ತೊಮ್ಮೆ. ದೊಡ್ಡಪ್ಪನ ಫೋನಿಗೆ ಬರುವ ಹೊತ್ತಿಗೆ ಅಕ್ಷರಗಳು ಮಸುಕಾಗಿ, 6.30 ಎಂಬುದು 8.30ರಂತೆ ಕಾಣುತ್ತಿತ್ತು. ಅವರು ಬಸದಿ ಮುಟ್ಟುವಾಗ ಅಭಿಷೇಕ ಮುಗಿದಿತ್ತು. "ಎಂಟೂವರೆಗೆ ಅಂತ ನೀನೇ ಕಳಿಸಿದ್ದೆಯಲ್ಲೋ" ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ನಾನು ಪಾಲಿಸುವ ನಿಯಮ ಒಂದೇ: ಚಿತ್ರ ಎಲ್ಲಿ, ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಬೇಕು, ವಿನ್ಯಾಸ ಆಮೇಲೆ.

ಅಳತೆ ಎಂದರೆ ಎರಡು ಸಂಗತಿ

ಮೊದಲನೆಯದು ಪಿಕ್ಸೆಲ್. ರಂಗೋಲಿಗೆ ಚುಕ್ಕಿ ಇಡುವ ಹಾಗೆ, ಡಿಜಿಟಲ್ ಚಿತ್ರವೂ ಚುಕ್ಕಿಗಳಿಂದ ಆದದ್ದು. 1080×1350 ಎಂದರೆ ಅಡ್ಡಕ್ಕೆ 1080, ಉದ್ದಕ್ಕೆ 1350 ಚುಕ್ಕಿಗಳು. ಚುಕ್ಕಿ ಕಡಿಮೆಯಿದ್ದರೆ ಚಿತ್ರ ಮಸುಕು. ಬೇಕಾದ್ದಕ್ಕಿಂತ ಹೆಚ್ಚಿದ್ದರೆ ಫೈಲು ಭಾರ.

ಎರಡನೆಯದು ಅನುಪಾತ, ಅಂದರೆ ಅಗಲಕ್ಕೂ ಎತ್ತರಕ್ಕೂ ಇರುವ ಸಂಬಂಧ. 1:1 ಚೌಕ, 4:5 ತುಸು ಉದ್ದ, 9:16 ಫೋನಿನ ಪೂರ್ತಿ ಪರದೆ, 16:9 ಟಿವಿಯಂತೆ ಅಡ್ಡ. ನಮ್ಮ ಚಿತ್ರದ ಅನುಪಾತ ಜಾಲತಾಣದ ಚೌಕಟ್ಟಿಗೆ ಹೊಂದದಿದ್ದರೆ ಚಿತ್ರದ ಅಂಚು ಕತ್ತರಿಸಿಹೋಗುತ್ತದೆ, ಇಲ್ಲವೇ ಪಕ್ಕದಲ್ಲಿ ಖಾಲಿ ಪಟ್ಟಿ ಉಳಿಯುತ್ತದೆ. ಎಳೆದು ಹಿಗ್ಗಿಸಿ ಹೊಂದಿಸುವ ಕೆಲಸವನ್ನಂತೂ ಮಾಡಬಾರದು; ಮುಖಗಳು ಚಪ್ಪಟೆಯಾಗುತ್ತವೆ.

ಎಲ್ಲಿಗೆ ಯಾವ ಅಳತೆ

– ವಾಟ್ಸ್‌ಆ್ಯಪ್ ಗುಂಪು, ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಪೋಸ್ಟ್: 1080×1350 (4:5). ಒಂದೇ ಚಿತ್ರ ಮಾಡಲು ಸಮಯವಿದ್ದರೆ ಇದನ್ನೇ ಮಾಡಿ.
– ಚೌಕ ಪೋಸ್ಟ್: 1080×1080 (1:1).
– ವಾಟ್ಸ್‌ಆ್ಯಪ್ ಸ್ಟೇಟಸ್, ಇನ್‌ಸ್ಟಾಗ್ರಾಂ ಸ್ಟೋರಿ, ರೀಲ್ಸ್: 1080×1920 (9:16).
– ಯೂಟ್ಯೂಬ್ ವಿಡಿಯೊದ ಮುಖಚಿತ್ರ: 1280×720 (16:9).
– ಜಾಲತಾಣದ ಕೊಂಡಿ ಹಂಚಿದಾಗ ಕಾಣುವ ಚಿತ್ರ: 1200×630.
– ಫೇಸ್‌ಬುಕ್ ಪುಟದ ಕವರ್: ಕಂಪ್ಯೂಟರಿನಲ್ಲಿ 851×315, ಫೋನಿನಲ್ಲಿ 640×360.

ಕವರ್ ಚಿತ್ರದಲ್ಲಿ ತೊಡಕಿದೆ: ಒಂದೇ ಚಿತ್ರ ಎರಡು ಕಡೆ ಎರಡು ಆಕಾರದಲ್ಲಿ ಕಾಣುತ್ತದೆ. ಕಂಪ್ಯೂಟರಿನಲ್ಲಿ ಮೇಲೆ ಕೆಳಗೆ ಹೋದರೆ, ಫೋನಿನಲ್ಲಿ ಎಡಬಲ ಹೋಗುತ್ತದೆ. ಹೆಸರು, ಲಾಂಛನ ಮುಂತಾದ ಮುಖ್ಯ ಸಂಗತಿಗಳನ್ನು ನಡುವೆ ಇಟ್ಟು ಅಂಚುಗಳಿಗೆ ಆಕಾಶ, ಬೆಟ್ಟ, ಗೋಡೆಯಂಥ ಭಾಗ ಬಿಡುವುದೇ ಇದಕ್ಕೆ ಪರಿಹಾರ.

ಸ್ಟೋರಿಯಲ್ಲೂ ಇದೇ ಎಚ್ಚರ ಬೇಕು. ಮೇಲ್ಗಡೆ ಖಾತೆಯ ಹೆಸರು, ಕೆಳಗಡೆ ಉತ್ತರ ಬರೆಯುವ ಪಟ್ಟಿ ಚಿತ್ರದ ಮೇಲೆಯೇ ಕೂರುತ್ತವೆ. 1920ರ ಎತ್ತರದಲ್ಲಿ ಮೇಲಿನ 250, ಕೆಳಗಿನ 340 ಪಿಕ್ಸೆಲ್‌ಗಳಲ್ಲಿ ಏನನ್ನೂ ಬರೆಯಬೇಡಿ. ಇನ್‌ಸ್ಟಾಗ್ರಾಂ ಪ್ರೊಫೈಲ್ ಪುಟದಲ್ಲಿ 2025ರಿಂದ ಪೋಸ್ಟ್‌ಗಳು ಚೌಕದ ಬದಲು 3:4 ಆಕಾರದಲ್ಲಿ ಕಾಣುತ್ತಿವೆ. ಅಲ್ಲಿ 4:5 ಚಿತ್ರದ ಎಡಬಲಗಳಲ್ಲಿ ತಲಾ ಸುಮಾರು 34 ಪಿಕ್ಸೆಲ್ ಮರೆಯಾಗುತ್ತದೆ. ಅಂಚಿನಿಂದ 60 ಪಿಕ್ಸೆಲ್ ಒಳಗೇ ಬರೆದರೆ ತೊಂದರೆಯಿಲ್ಲ. ಪ್ರೊಫೈಲ್ ಚಿತ್ರ ವೃತ್ತಾಕಾರವಾದ್ದರಿಂದ ಚೌಕ ಚಿತ್ರದ ಐದನೆಯ ಒಂದು ಭಾಗಕ್ಕೂ ಹೆಚ್ಚು, ನಾಲ್ಕು ಮೂಲೆಗಳೂ, ಹೋಗುತ್ತದೆ. ಸಂಘದ ಹೆಸರನ್ನು ಮೂಲೆಯಲ್ಲಿ ಬರೆದವರು ಇದನ್ನು ಗಮನಿಸಬೇಕು.

ಈ ಅಳತೆಗಳನ್ನು ಆಯಾ ಸಂಸ್ಥೆಗಳು ಆಗಾಗ ಬದಲಿಸುತ್ತವೆ. ವರ್ಷಕ್ಕೊಮ್ಮೆ ಪರಿಶೀಲಿಸಿಕೊಳ್ಳುವುದು ಒಳ್ಳೆಯದು.

ಜಿನಬಿಂಬವನ್ನು ಚೌಕಟ್ಟಿಗೆ ಹೊಂದಿಸುವಾಗ

ನಮ್ಮ ಸಮಾಜದ ಚಿತ್ರಗಳಲ್ಲಿ ಹೆಚ್ಚು ಜಾಗರೂಕತೆ ಬೇಕಾದ ಭಾಗ ಇದು. ಚೌಕಟ್ಟು ಹೊಂದದಿದ್ದಾಗ ಮೊದಲು ಹೋಗುವುದು ಚಿತ್ರದ ಮೇಲ್ತುದಿ ಮತ್ತು ಕೆಳತುದಿ. ತೀರ್ಥಂಕರರ ಗುರುತುಗಳು ಇರುವುದೂ ಅಲ್ಲೇ. ಆದಿನಾಥರ ವೃಷಭ, ಶಾಂತಿನಾಥರ ಜಿಂಕೆ, ನೇಮಿನಾಥರ ಶಂಖ, ಮಹಾವೀರರ ಸಿಂಹ ಇವೆಲ್ಲ ಪೀಠದ ಮೇಲಿನ ಲಾಂಛನಗಳು. ಕೆಳಗಿನ ಎರಡು ಬೆರಳಗಲ ಕತ್ತರಿಸಿದರೆ ಇದು ಯಾರ ಬಿಂಬ ಎಂದು ಹೇಳುವುದೇ ಕಷ್ಟ. ಮೇಲ್ಗಡೆ ಮುಕ್ಕೊಡೆ ಇರುತ್ತದೆ. ಪಾರ್ಶ್ವನಾಥ, ಸುಪಾರ್ಶ್ವನಾಥರಿಗಾದರೆ ನಾಗನ ಹೆಡೆಗಳು. ಸಾಮಾನ್ಯವಾಗಿ ಏಳು ಹೆಡೆ ಪಾರ್ಶ್ವನಾಥರಿಗೆ, ಐದು ಹೆಡೆ ಸುಪಾರ್ಶ್ವನಾಥರಿಗೆ. ಹೆಡೆಯ ಅರ್ಧ ಕತ್ತರಿಸಿದ ಚಿತ್ರದಲ್ಲಿ ಆ ವ್ಯತ್ಯಾಸವೂ ಅಳಿಸಿಹೋಗುತ್ತದೆ. ಪಾದ ಕಾಣದ, ಶಿರದ ಮೇಲ್ಭಾಗ ಹೋದ ಬಿಂಬವನ್ನು ಹಂಚುವುದು ಗೌರವವೂ ಅಲ್ಲ.

ನಮ್ಮ ಹಾಸನ ಜಿಲ್ಲೆಯ ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಎತ್ತರ 58 ಅಡಿ, ಭುಜಗಳ ಅಗಲ ಸುಮಾರು 26 ಅಡಿ. ಅಂದರೆ ಅಗಲಕ್ಕಿಂತ ಎತ್ತರ ಎರಡು ಪಟ್ಟಿಗೂ ಹೆಚ್ಚು. 1080ರ ಚೌಕದಲ್ಲಿ ತಲೆಯಿಂದ ಪಾದದವರೆಗೆ ತುಂಬಿಸಿದರೆ ಮೂರ್ತಿಯ ಅಗಲ 484 ಪಿಕ್ಸೆಲ್ ಮಾತ್ರ. ಸುಮಾರು 600 ಪಿಕ್ಸೆಲ್ ಖಾಲಿ ಉಳಿಯುತ್ತದೆ. ಹೆಚ್ಚಿನವರು ಈ ಖಾಲಿಯನ್ನು ಕಂಡು ಹೆದರಿ ಚಿತ್ರವನ್ನು ಹಿಗ್ಗಿಸುತ್ತಾರೆ. ಆಗ ಕಾಲಿನ ಬಳಿಯ ಹುತ್ತವೂ, ಅಲ್ಲಿಂದ ಹಬ್ಬಿದ ಬಳ್ಳಿಯೂ ಹೊರಗುಳಿದು ಬಾಹುಬಲಿಯ ತಪಸ್ಸಿನ ಕಥೆಯೇ ಚಿತ್ರದಿಂದ ಬಿಟ್ಟುಹೋಗುತ್ತದೆ. ಅದರ ಬದಲು ಮೂರ್ತಿಯನ್ನು ಒಂದು ಪಕ್ಕಕ್ಕೆ ಪೂರ್ತಿಯಾಗಿ ನಿಲ್ಲಿಸಿ, ಉಳಿದ 600 ಪಿಕ್ಸೆಲ್‌ನಲ್ಲಿ ಬರಹ ಇಡಿ. ಆ ಖಾಲಿ ಜಾಗ ನಮಗೆ ಸಿಕ್ಕ ಅನುಕೂಲ.

ಸ್ಟೋರಿಯ 9:16 ಚೌಕಟ್ಟು ಕಾಯೋತ್ಸರ್ಗ ಭಂಗಿಗೆ ಹೇಳಿ ಮಾಡಿಸಿದ ಹಾಗಿದೆ. ಮೇಲೆ ಕೆಳಗೆ ಬಿಡಬೇಕಾದ ಜಾಗ ಕಳೆದು ಉಳಿಯುವ 1330 ಪಿಕ್ಸೆಲ್ ಎತ್ತರದಲ್ಲಿ ಮೂರ್ತಿ ಪೂರ್ತಿ ನಿಲ್ಲುತ್ತದೆ. 851×315ರ ಕವರ್‌ನಲ್ಲಾದರೋ ಮೂರ್ತಿಯ ಅಗಲ 141 ಪಿಕ್ಸೆಲ್‌ಗೆ ಇಳಿಯುತ್ತದೆ. ಅಂಥ ಕಡೆ ಅಡ್ಡ ಆಕಾರದ ವಸ್ತುವನ್ನೇ ಆರಿಸಿ: ಕಲ್ಯಾಣಿಯ ಹಿಂದೆ ಕಾಣುವ ವಿಂಧ್ಯಗಿರಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮುಂಭಾಗ, ಅಥವಾ ನಿಮ್ಮೂರಿನ ಬಸದಿಯ ಹೊರನೋಟ. ಪದ್ಮಾಸನದ ಬಿಂಬಗಳು ಚೌಕಕ್ಕೆ ಚೆನ್ನಾಗಿ ಹೊಂದುತ್ತವೆ.

ಬಿಂಬದ ಮೇಲೆ ಬರಹ, ಪಾದದ ಮೇಲೆ ಫೋನ್ ನಂಬರ್ ಬರದಂತೆಯೂ ನೋಡಿಕೊಳ್ಳಿ.

ಅಕ್ಷರ ಎಷ್ಟು ದೊಡ್ಡದಿರಬೇಕು

ಎ4 ಕಾಗದದ ಅಗಲ 21 ಸೆಂಟಿಮೀಟರ್. ಫೋನಿನ ಪರದೆಯ ಅಗಲ ಆರೂವರೆ, ಏಳು ಸೆಂಟಿಮೀಟರ್. ಅಂದರೆ ಪುಟ ಮೂರನೇ ಒಂದಕ್ಕೆ ಕುಗ್ಗುತ್ತದೆ. ಕಾಗದದ ಮೇಲೆ 12 ಪಾಯಿಂಟ್ ಇದ್ದ ಅಕ್ಷರ 4 ಪಾಯಿಂಟ್ ಆಗುತ್ತದೆ. ಮಾತ್ರೆಯ ಹಾಳೆಯ ಹಿಂದಿನ ಬರಹದಷ್ಟು ಸಣ್ಣದು. ನಮ್ಮ ದೊಡ್ಡಪ್ಪನಿಗೆ ಆದದ್ದು ಇದೇ.

ಲೆಕ್ಕ ಸುಲಭ. 1080 ಪಿಕ್ಸೆಲ್ ಅಗಲದ ಚಿತ್ರ ಫೋನಿನಲ್ಲಿ ಪೂರ್ತಿ ತೆರೆದಾಗ ಒಂದು ಮಿಲಿಮೀಟರಿಗೆ ಸುಮಾರು 16 ಪಿಕ್ಸೆಲ್. ಹಾಗಾಗಿ ಯಾವ ಅಕ್ಷರವೂ 40 ಪಿಕ್ಸೆಲ್‌ಗಿಂತ ಸಣ್ಣದಿರಬಾರದು. ದಿನಾಂಕ, ಸಮಯ, ಸ್ಥಳ 70ಕ್ಕಿಂತ ಕಡಿಮೆ ಬೇಡ. ಇಷ್ಟು ದೊಡ್ಡದಾಗಿ ಬರೆದರೆ ಜಾಗ ಸಾಲುವುದಿಲ್ಲ ಎನ್ನುವಿರಿ. ನಿಜ, ಆದ್ದರಿಂದಲೇ ಬರಹ ಕಡಿಮೆ ಮಾಡಬೇಕು. ಸಮಿತಿಯ ಇಪ್ಪತ್ತು ಪದಾಧಿಕಾರಿಗಳ ಭಾವಚಿತ್ರ, ದಾನಿಗಳ ಪಟ್ಟಿ, ಮೂರು ದಿನದ ಕಾರ್ಯಕ್ರಮ ವಿವರ ಎಲ್ಲವನ್ನೂ ಒಂದೇ ಚಿತ್ರದಲ್ಲಿ ತುರುಕಿದರೆ ಯಾರ ಮುಖವೂ ಕಾಣುವುದಿಲ್ಲ. ಮೊದಲ ಚಿತ್ರದಲ್ಲಿ ಏನು, ಎಂದು, ಎಷ್ಟು ಹೊತ್ತಿಗೆ, ಎಲ್ಲಿ. ದಾನಿಗಳಿಗೆ ಗೌರವದಿಂದ ಇನ್ನೊಂದು ಚಿತ್ರ. ಸೂರ್ಯಾಸ್ತದೊಳಗೆ ಭೋಜನ ಮುಗಿಯಬೇಕಾದ ನಮ್ಮ ಕಾರ್ಯಕ್ರಮಗಳಲ್ಲಿ ಸಮಯಕ್ಕಿಂತ ಮುಖ್ಯ ಮಾಹಿತಿ ಇನ್ನಿಲ್ಲ.

ಕನ್ನಡಕ್ಕೆ ಸಂಬಂಧಿಸಿದ ಮೂರು ಮಾತು. ಒಂದು, ನಮ್ಮ ಒತ್ತಕ್ಷರಗಳು ಸಾಲಿನ ಕೆಳಗಿಳಿಯುತ್ತವೆ. ಸಾಲುಗಳ ನಡುವೆ ಅಕ್ಷರದ ಒಂದೂವರೆ ಪಟ್ಟು ಅಂತರವಿಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಎರಡು, ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಕ್ಯಾನ್ವಾಗೆ ಹಾಕಿದರೆ ಅರ್ಥವಾಗದ ಚಿಹ್ನೆಗಳು ಬರುತ್ತವೆ; ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ ಉಚಿತವಾಗಿ ಸಿಗುವ, ಸಣ್ಣ ಪರದೆಯಲ್ಲಿ ಸ್ಪಷ್ಟವಾಗಿ ಕಾಣುವ ಫಾಂಟ್‌ಗಳು. ಮೂರು, ಜೈನಧ್ವಜದ ಪಂಚವರ್ಣವನ್ನು ಹಿನ್ನೆಲೆಯಾಗಿಸಿ ಅದರ ಮೇಲೆ ಬರೆದರೆ ಯಾವ ಬಣ್ಣದ ಅಕ್ಷರವೂ ಎದ್ದು ಕಾಣುವುದಿಲ್ಲ. ಐದು ಬಣ್ಣಗಳನ್ನು ಅಂಚುಪಟ್ಟಿಯಾಗಿ ಬಳಸಿ, ಬರಹಕ್ಕೆ ಒಂದೇ ತಿಳಿಬಣ್ಣದ ನೆಲ ಇರಲಿ. ಚಿತ್ರ ಕುಗ್ಗಿದಾಗ ಕೆಂಪು ಅಕ್ಷರಗಳ ಅಂಚು ಬೇಗ ಕಲಸುತ್ತದೆ. ಕಡುನೀಲಿ, ಕಪ್ಪು ತಡೆಯುತ್ತವೆ.

ಮಲೆನಾಡಿನ ನೆಟ್‌ವರ್ಕ್ ಮತ್ತು ಫೈಲಿನ ಭಾರ

ಸಕಲೇಶಪುರ, ಆಲೂರು ಕಡೆಯ ತೋಟಗಳಲ್ಲಿ ಗುಡ್ಡದ ಒಂದು ಮಗ್ಗುಲಲ್ಲಿ ಸಿಗ್ನಲ್ ಇದ್ದರೆ ಇನ್ನೊಂದು ಮಗ್ಗುಲಲ್ಲಿ ಇರುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಹಲವು ಕಡೆ ಟವರೂ ನಿಲ್ಲುತ್ತದೆ. ಅಲ್ಲಿಗೆ ಕಳಿಸುವ ಚಿತ್ರ ಹಗುರವಾಗಿರಬೇಕು. ಫೋನಿನ ಕ್ಯಾಮೆರಾದ 4000×3000 ಚಿತ್ರದಲ್ಲಿ 1.2 ಕೋಟಿ ಚುಕ್ಕಿಗಳಿವೆ. 1080×1350ರಲ್ಲಿ 15 ಲಕ್ಷಕ್ಕಿಂತ ಕಡಿಮೆ. ನೋಡುವವರ ಪರದೆಗೆ ಎರಡನೆಯದೇ ಸಾಕು. ಫೋಟೊ ಹೆಚ್ಚಿದ್ದರೆ ಜೆಪಿಜಿ, ಬರಹ ಮತ್ತು ಲಾಂಛನವೇ ಹೆಚ್ಚಿದ್ದರೆ ಪಿಎನ್‌ಜಿ ರೂಪದಲ್ಲಿ ಉಳಿಸಿ. 500 ಕೆಬಿಯೊಳಗೆ ಇಡುವುದು ಕಷ್ಟವೇನಲ್ಲ.

ವಾಟ್ಸ್‌ಆ್ಯಪ್ ಚಿತ್ರವನ್ನು ತಾನೇ ಕುಗ್ಗಿಸಿ ಕಳಿಸುತ್ತದೆ. 2023ರಿಂದ ಎಚ್‌ಡಿ ಆಯ್ಕೆ ಇದೆ. ಒಂದಿಷ್ಟೂ ಬದಲಾಗದೆ ಹೋಗಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫ್ಲೆಕ್ಸ್ ಅಥವಾ ಮುದ್ರಣಕ್ಕೆ ಮಾತ್ರ ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರವನ್ನು ಕೊಡಬೇಡಿ. ಎ4 ಅಳತೆಗೆ ಚೆನ್ನಾಗಿ ಮುದ್ರಿಸಲು 2480×3508 ಪಿಕ್ಸೆಲ್ ಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ದಿನಾಂಕ, ಸಮಯ, ಸ್ಥಳವನ್ನು ಚಿತ್ರದ ಕೆಳಗೆ ಅಕ್ಷರದಲ್ಲೂ ಟೈಪ್ ಮಾಡಿ. ಚಿತ್ರ ತೆರೆಯದಿದ್ದರೂ ಆ ಎರಡು ಸಾಲು ತಲುಪುತ್ತವೆ. ಕಣ್ಣು ಕಾಣದವರಿಗೆ ಫೋನು ಓದಿ ಹೇಳುವುದೂ ಟೈಪ್ ಮಾಡಿದ ಬರಹವನ್ನೇ.

ತೋಟ, ಅಂಗಡಿ, ಹೋಂಸ್ಟೇ ನಡೆಸುವವರಿಗೆ

ಕಾಫಿಪುಡಿ, ಕಾಳುಮೆಣಸು, ಏಲಕ್ಕಿ ಮಾರುವವರಿಗೂ ಇದೇ ನಿಯಮಗಳು. ಪೊಟ್ಟಣ ಉದ್ದ ಆಕಾರದ್ದು, ಅದಕ್ಕೆ 4:5 ಹೊಂದುತ್ತದೆ. ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್‌ಗೆ ಚೌಕ ಚಿತ್ರ ಬೇಕು. ಪೊಟ್ಟಣದ ಸುತ್ತ ಜಾಗ ಬಿಟ್ಟು ಫೋಟೊ ತೆಗೆದರೆ ಒಂದೇ ಫೋಟೊ ಎರಡಕ್ಕೂ ಆಗುತ್ತದೆ. ಹೋಂಸ್ಟೇಗೆ ಬೆಟ್ಟದ ಸಾಲು ಕವರ್‌ಗೆ ಸರಿ. ಮೇಲಿನಿಂದ ನೋಡಿದರೆ ನಕ್ಷತ್ರದಂತೆ ಕಾಣುವ ಮಂಜರಾಬಾದ್ ಕೋಟೆ ಚೌಕಕ್ಕೆ ಸರಿ. ತೂಕ, ಬೆಲೆ, ದಾರಿಯ ವಿವರ ಇಲ್ಲೂ ಚಿತ್ರದ ಜೊತೆ ಬರಹದಲ್ಲಿರಲಿ. ಬೆಲೆ ಬದಲಾದಾಗ ಚಿತ್ರ ಮತ್ತೆ ಮಾಡುವ ಕೆಲಸ ತಪ್ಪುತ್ತದೆ.

ಕಳಿಸುವ ಮುನ್ನ

ಮೊದಲು ನಿಮ್ಮದೇ ಫೋನಿನಲ್ಲಿ ಚಿತ್ರ ತೆರೆದು, ಹಿಗ್ಗಿಸದೆ, ಕೈ ಚಾಚಿದಷ್ಟು ದೂರದಲ್ಲಿ ಹಿಡಿದು ಸಮಯ ಓದಲಾಗುತ್ತದೆಯೇ ನೋಡಿ. ಬಿಂಬದ ಶಿರ, ಪಾದ, ಲಾಂಛನ ಪೂರ್ತಿ ಇವೆಯೇ ನೋಡಿ. ಆಮೇಲೆ ಗುಂಪಿಗೆ ಹಾಕುವ ಮೊದಲು ಮನೆಯ ಹಿರಿಯರೊಬ್ಬರಿಗೆ ಮಾತ್ರ ಕಳಿಸಿ, "ಎಷ್ಟು ಗಂಟೆಗೆ ಅಂತ ಇದೆ?" ಎಂದು ಕೇಳಿ.

ನಾನು ಈಗ ಆ ಮೊದಲ ಪ್ರತಿಯನ್ನು ಕಳಿಸುವುದು ಕೆ. ಹೊಸಕೋಟೆಗೆ. ದೊಡ್ಡಪ್ಪ ಸಮಯವನ್ನು ಸರಿಯಾಗಿ ಓದಿ ಹೇಳಿದ ಮೇಲೆಯೇ ಉಳಿದವರಿಗೆ ಹೋಗುತ್ತದೆ.