ಮಿದುಳಿನ ಪರೀಕ್ಷೆ ತಾಲ್ಲೂಕಿನ ಬಾಗಿಲಿಗೆ

ಪಾರ್ಶ್ವವಾಯು, ತಲೆಪೆಟ್ಟು, ಮೂರ್ಛೆರೋಗ ಅಥವಾ ಮರೆವಿನ ಕಾಯಿಲೆಯಿಂದ ಮನುಷ್ಯನ ನೆನಪು, ಗಮನ, ಮಾತು ಮತ್ತು ವಿವೇಚನೆ ಎಷ್ಟು ಕುಂದಿವೆ, ಎಷ್ಟು ಉಳಿದಿವೆ ಎಂಬುದನ್ನು ಪರೀಕ್ಷಿಸಿ, ಕುಂದಿದ್ದನ್ನು ತರಬೇತಿಯಿಂದ ಸುಧಾರಿಸಲು ಯತ್ನಿಸುವ ಶಾಸ್ತ್ರವೇ ನರಮನೋವಿಜ್ಞಾನ. ಮಿದುಳಿನ ಎಡ ಮುಂಭಾಗಕ್ಕೂ ಮಾತಿಗೂ ಇರುವ ಸಂಬಂಧವನ್ನು ಪಾಲ್ ಬ್ರೋಕಾ 1861ರಲ್ಲಿ ಪ್ಯಾರಿಸ್ಸಿನಲ್ಲಿ ತೋರಿಸಿದ್ದು ಇದಕ್ಕೆ ಬುನಾದಿಯಾಯಿತು. ಎರಡನೆಯ ಮಹಾಯುದ್ಧದಲ್ಲಿ ತಲೆಗೆ ಗಾಯವಾದ ಸೈನಿಕರ ಚೇತರಿಕೆಗಾಗಿ ರಷ್ಯಾದ ಅಲೆಕ್ಸಾಂಡರ್ ಲೂರಿಯಾ ನಡೆಸಿದ ಕೆಲಸ ಇದನ್ನು ಚಿಕಿತ್ಸೆಯ ಹಾದಿಗೆ ತಂದಿತು.

ಕರ್ನಾಟಕದಲ್ಲಿ ಈ ಶಾಸ್ತ್ರ ಬೇರೂರಿದ್ದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ. ಅಲ್ಲಿನ ಶೋಭಿನಿ ರಾವ್, ಡಿ.ಕೆ. ಸುಬ್ಬಕೃಷ್ಣ ಮತ್ತು ಕೆ. ಗೋಪುಕುಮಾರ್ 2004ರಲ್ಲಿ ಹೊರತಂದ ಪರೀಕ್ಷಾಮಾಲೆಯ ಹೆಚ್ಚುಗಾರಿಕೆಯೆಂದರೆ, ಆರೋಗ್ಯವಂತರ ಸಾಮಾನ್ಯ ಅಂಕಗಳನ್ನು ವಯಸ್ಸು ಮತ್ತು ಲಿಂಗಗಳ ಜೊತೆಗೆ ವಿದ್ಯಾಭ್ಯಾಸಕ್ಕೆ ಅನುಗುಣವಾಗಿಯೂ ನಿಗದಿಪಡಿಸಿ, ಅನಕ್ಷರಸ್ಥರಿಗೂ ಪ್ರತ್ಯೇಕ ಮಾನದಂಡ ಒದಗಿಸಿದ್ದು. ತುಮಕೂರು ಜಿಲ್ಲೆಯ ಮಧುಗಿರಿ ಅಥವಾ ಕೊರಟಗೆರೆಯ ಶಾಲೆ ಕಾಣದ ರೈತ ಮಹಿಳೆಯನ್ನು ಪದವೀಧರರ ಅಂಕಗಳೊಂದಿಗೆ ಹೋಲಿಸಿದರೆ, ಶಾಲೆಯ ಕೊರತೆಯೇ ಮಿದುಳಿನ ರೋಗವೆಂದು ದಾಖಲಾಗುವ ಅನ್ಯಾಯ ನಡೆದುಹೋಗುತ್ತದೆ.

ಇಂತಹ ಪರೀಕ್ಷೆಗಳಲ್ಲಿ ಒಂದು ಹೀಗಿದೆ: 15 ಪದಗಳ ಪಟ್ಟಿಯನ್ನು ಐದು ಬಾರಿ ಓದಿ, ಪ್ರತಿ ಸಲವೂ ನೆನಪಿರುವಷ್ಟನ್ನು ಹೇಳಿಸಿ, ನಡುವೆ ಬೇರೊಂದು ಪಟ್ಟಿ ಕೊಟ್ಟು, ಕೆಲಹೊತ್ತಿನ ಬಳಿಕ ಮೊದಲಿನದನ್ನು ಮತ್ತೆ ಕೇಳಲಾಗುತ್ತದೆ; ಕಲಿಕೆಯೇ ನಿಧಾನವೋ, ಕಲಿತದ್ದು ಅಳಿಸಿಹೋಗುತ್ತಿದೆಯೋ ಎಂಬ ವ್ಯತ್ಯಾಸ ಇದರಿಂದ ತಿಳಿಯುತ್ತದೆ. ಗಮನಶಕ್ತಿಯ ತರಬೇತಿಗೆ ನಿಮ್ಹಾನ್ಸ್ ತಜ್ಞರು ಬಳಸಿದ ಸಾಧನಗಳಲ್ಲಿ ಬೆರೆಸಿದ ಕಾಳುಗಳನ್ನು ಬೇರ್ಪಡಿಸುವ ಕೆಲಸವೂ ಸೇರಿದ್ದು, ಇದಕ್ಕೆ ಅಕ್ಷರಜ್ಞಾನವಾಗಲಿ ಯಂತ್ರವಾಗಲಿ ಬೇಕಿಲ್ಲವಾದ್ದರಿಂದ ಮನೆಯಲ್ಲೇ ಅಭ್ಯಾಸ ಮಾಡಬಹುದು.

ಬಹುಪಾಲು ಆಂಧ್ರದಿಂದ ಸುತ್ತುವರಿದಿರುವ, ಅದೇ ಜಿಲ್ಲೆಯ ಪಾವಗಡದಲ್ಲಿ ಕನ್ನಡ ಮತ್ತು ತೆಲುಗು ಒಂದೇ ಮನೆಯಲ್ಲಿ ಬಳಕೆಯಾಗುವುದರಿಂದ, ಯಾವ ಭಾಷೆಯಲ್ಲಿ ಪರೀಕ್ಷಿಸಬೇಕೆಂಬ ಪ್ರಶ್ನೆಯೂ ಎದುರಾಗುತ್ತದೆ. ಆದರೆ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ (ಮರೆವಿನ ಕಾಯಿಲೆ) ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗಲಕ್ಷಣಗಳು ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿದ್ದವು. ಅನಕ್ಷರಸ್ಥರಲ್ಲೂ ಈ ಅಂತರವಿತ್ತು. ಇದು ಕಾರಣವನ್ನು ಸಂಪೂರ್ಣ ಸಾಬೀತುಪಡಿಸದಿದ್ದರೂ, ಗಡಿನಾಡಿನ ಎರಡು ಭಾಷೆಗಳ ಬಳಕೆಯನ್ನು ಪರೀಕ್ಷೆಗೆ ತೊಡಕೆಂದಷ್ಟೇ ಎಣಿಸದೆ ಮಿದುಳಿನ ಬಲವಾಗಿಯೂ ನೋಡಬೇಕೆಂಬುದಕ್ಕೆ ಆಧಾರವಾಗುತ್ತದೆ.

ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಜಿಲ್ಲಾ ಮಟ್ಟದಲ್ಲಿ ಚಿಕಿತ್ಸಾಲಯಗಳನ್ನು ತೆರೆಯುವ ಗುರಿ ಹೊಂದಿತ್ತು. ಆದರೆ ಶಿರಾ ಅಥವಾ ಪಾವಗಡದ ರೋಗಿಗೆ ತರಬೇತಿ ತಿಂಗಳುಗಟ್ಟಲೆ ಬೇಕಾಗುವುದರಿಂದ, ಪ್ರತಿ ಸಲವೂ ಕೂಲಿ ಬಿಟ್ಟು ದೂರದ ನಗರಕ್ಕೆ ಹೋಗುವುದು ಆಗದ ಮಾತು. ಆದ್ದರಿಂದ ತಾಲ್ಲೂಕು ಆಸ್ಪತ್ರೆಯ ಸಿಬ್ಬಂದಿಗೆ ಪ್ರಾಥಮಿಕ ಪರೀಕ್ಷೆ ಕಲಿಸಿ, ಮನೆಯವರಿಗೆ ಅಭ್ಯಾಸಗಳನ್ನು ಹೇಳಿಕೊಟ್ಟು, ತಜ್ಞರನ್ನು ಟೆಲಿಮೆಡಿಸಿನ್ ಮೂಲಕ ಜೋಡಿಸುವುದೇ ಈ ಶಾಸ್ತ್ರದ ಮುಂದಿನ ಹೆಜ್ಜೆಯಾಗಬೇಕು; ಅನಕ್ಷರಸ್ಥರಿಗೂ ಮಾನದಂಡ ರೂಪಿಸಿದ ಪರಂಪರೆ ಸಾರ್ಥಕವಾಗುವುದು ಆ ಪರೀಕ್ಷೆ ಅವರ ಕೈಗೆಟಕಿದಾಗ ಮಾತ್ರ.