ಕೈಗಾ 962 ದಿನ ನಿಲ್ಲದೆ ಓಡಿತು, ನಮ್ಮ ಶಕ್ತಿನಗರಕ್ಕೆ ಯಾಕೆ ಆಗಲ್ಲ?

ದೇವದುರ್ಗದಿಂದ, ಮಾನ್ವಿಯಿಂದ ದಿನಾ ರಾಯಚೂರಿಗೆ ಬಸ್ಸಲ್ಲಿ ಬಂದು ಹೋಗೋ ನಮ್ಮ ಕೇಳುಗರಿಗೆ ಸ್ಪೆಷಲ್ ನಮಸ್ಕಾರ, ಯಾಕಂದ್ರೆ ಇವತ್ತಿನ ಪ್ರಶ್ನೆ ನಿಮ್ಮಿಂದಲೇ ಬಂದದ್ದು. ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ 2025ರಲ್ಲಿ ಅಣು ವಿದ್ಯುತ್ ಸ್ಥಾವರಕ್ಕೆ ಜಾಗ ನೋಡುವ ಸುದ್ದಿ ಬಂದು, ಜನ ವಿರೋಧ ಮಾಡಿದ ಮೇಲೆ ನನಗೆ ಎರಡು ಥರದ ವಾಯ್ಸ್ ಮೆಸೇಜ್ ಬರ್ತಿವೆ. ಒಂದು: "ಬೂದಿ ಕುಡಿದು ಸಾಕಾಗಿದೆ, ನಮ್ಮ ಜಿಲ್ಲೆಗೂ ಅಣು ಸ್ಥಾವರ ಬರಲಿ ಬಿಡ್ರಿ." ಇನ್ನೊಂದು: "ಬಂದ್ರೆ ನಮ್ಮ ಗತಿ ಏನ್ರಿ?"

ಎರಡಕ್ಕೂ ಉತ್ತರ ಹುಡುಕಬೇಕಾದರೆ ಮೊದಲು ನಮ್ಮ ರಾಜ್ಯದಲ್ಲಿ ಈಗಾಗಲೇ ಇರುವ ಅಣು ಸ್ಥಾವರ ಹೇಗೆ ನಡೀತಿದೆ ಅಂತ ನೋಡಬೇಕು. ಅದು ಕಾರವಾರ ತಾಲ್ಲೂಕಿನ ಕೈಗಾ. ಕಾಳಿ ನದಿ ದಂಡೆ, ಸುತ್ತ ಕಾಡು. ಕೇಂದ್ರ ಸರ್ಕಾರದ ಅಣು ವಿದ್ಯುತ್ ನಿಗಮ, ಅಂದ್ರೆ ಎನ್‌ಪಿಸಿಐಎಲ್ ಅದನ್ನು ನಡೆಸುತ್ತೆ. ತಲಾ 220 ಮೆಗಾವಾಟ್‌ನ ನಾಲ್ಕು ಘಟಕ, ಒಟ್ಟು 880 ಮೆಗಾವಾಟ್. ನಮ್ಮ ಶಕ್ತಿನಗರದ ಆರ್‌ಟಿಪಿಎಸ್ ಒಂದೇ 1,720 ಮೆಗಾವಾಟ್. ಯರಮರಸ್‌ದು ಇನ್ನೂ 1,600. ಅಂದ್ರೆ ಮೆಗಾವಾಟ್ ಲೆಕ್ಕದಲ್ಲಿ ಕೈಗಾ ನಮ್ಮ ಮುಂದೆ ಚಿಕ್ಕ ತಮ್ಮ.

ಆದರೆ ಮೆಗಾವಾಟ್ ಅನ್ನೋದು ಬೈಕಿನ ಟಾಪ್ ಸ್ಪೀಡ್ ಇದ್ದ ಹಾಗೆ. ಎಷ್ಟು ದೂರ ಹೋದೆ ಅನ್ನೋದು ಯೂನಿಟ್. ಕೈಗಾದ ಒಂದನೇ ಘಟಕ 2016ರ ಮೇ 13ಕ್ಕೆ ಶುರುವಾಗಿ 2018ರ ಡಿಸೆಂಬರ್ 31ರವರೆಗೆ ಒಂದು ದಿನವೂ ನಿಲ್ಲದೆ ಓಡಿತು. 962 ದಿನ! ಅದಕ್ಕೂ ಮುಂಚಿನ ವಿಶ್ವದಾಖಲೆ ಬ್ರಿಟನ್ನಿನ ಹೇಶಮ್ ಸ್ಥಾವರದ್ದು, 940 ದಿನ. 220 ಮೆಗಾವಾಟನ್ನು 24 ತಾಸಿಗೆ, 962 ದಿನಕ್ಕೆ ಗುಣಿಸಿ ನೋಡಿ, 500 ಕೋಟಿ ಯೂನಿಟ್ ಆಸುಪಾಸು ಬರುತ್ತೆ. ಆಮೇಲೆ ಕೆನಡಾದ ಡಾರ್ಲಿಂಗ್ಟನ್ ಸ್ಥಾವರ 1,106 ದಿನ ಓಡಿ ಆ ದಾಖಲೆ ಮುರಿಯಿತು. ಅದೂ ಕೈಗಾದ ಹಾಗೆ ಭಾರಜಲ ಬಳಸುವ ರಿಯಾಕ್ಟರೇ. ಇದು ಕಾಕತಾಳೀಯ ಅಲ್ಲ.

ಗುಟ್ಟು ಇರೋದು ಇಂಧನ ಹಾಕುವ ರೀತಿಯಲ್ಲಿ. ಪ್ರಪಂಚದ ಹೆಚ್ಚಿನ ರಿಯಾಕ್ಟರುಗಳನ್ನು ಒಂದೂವರೆ ವರ್ಷಕ್ಕೋ ಎರಡು ವರ್ಷಕ್ಕೋ ನಿಲ್ಲಿಸಿ, ಮುಚ್ಚಳ ತೆಗೆದು ಇಂಧನ ಬದಲಿಸಬೇಕು. ಕೈಗಾದ್ದು ಹಾಗಲ್ಲ. ಅದರೊಳಗೆ 306 ಅಡ್ಡ ಕೊಳವೆಗಳಿವೆ. ಪ್ರತಿಯೊಂದರಲ್ಲೂ ಮೊಳದುದ್ದದ ಇಂಧನದ ಕಟ್ಟುಗಳು ಸಾಲಾಗಿ ಕೂತಿರುತ್ತವೆ. ರಿಯಾಕ್ಟರ್ ಓಡ್ತಾ ಇರುವಾಗಲೇ ಯಂತ್ರವೊಂದು ಬಂದು ಈ ಕಡೆಯಿಂದ ಹೊಸ ಕಟ್ಟು ತಳ್ಳುತ್ತೆ, ಆ ಕಡೆಯಿಂದ ಇನ್ನೊಂದು ಯಂತ್ರ ಸುಟ್ಟದ್ದನ್ನು ಹಿಡಿದುಕೊಳ್ಳುತ್ತೆ. ಓಡುವ ಗಾಡಿಗೆ ಪೆಟ್ರೋಲ್ ಹಾಕಿದ ಹಾಗೆ! ಒಂದು ಘಟಕಕ್ಕೆ ದಿನಕ್ಕೆ ನೂರು, ನೂರಿಪ್ಪತ್ತು ಕಿಲೋ ಯುರೇನಿಯಂ ಆದರೆ ಸಾಕು.

ಈಗ ಶಕ್ತಿನಗರಕ್ಕೆ ಬರೋಣ. ಹೆಚ್ಚುಕಡಿಮೆ ಅಷ್ಟೇ ಗಾತ್ರದ, 210 ಮೆಗಾವಾಟ್‌ನ ಒಂದು ಘಟಕ ಪೂರ್ತಿ ಓಡಿದರೆ ದಿನಕ್ಕೆ 50 ಲಕ್ಷ ಯೂನಿಟ್. ಒಂದು ಯೂನಿಟ್‌ಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಅಂತ ಹಿಡಿದರೂ 3,500 ಟನ್ ಬೇಕು. ಅಂದ್ರೆ ಒಂದೇ ಒಂದು ಘಟಕಕ್ಕೆ ದಿನಕ್ಕೊಂದು ಗೂಡ್ಸ್ ರೈಲು. ಸಿಂಗರೇಣಿಯಿಂದಲೋ ಒಡಿಶಾದಿಂದಲೋ ಅದು ಬರೋದು ತಡವಾದರೆ, ಕಲ್ಲಿದ್ದಲು ಒದ್ದೆಯಾದರೆ, ಬಾಯ್ಲರ್ ಟ್ಯೂಬ್ ಸೋರಿದರೆ ಘಟಕ ಬಂದ್.

ಆದರೆ ಪೂರ್ತಿ ತಪ್ಪು ಆರ್‌ಟಿಪಿಎಸ್ ಮೇಲೆ ಹಾಕೋದು ಅನ್ಯಾಯ. 1985ರಲ್ಲಿ ಶುರುವಾದ ಮೊದಲ ಘಟಕಕ್ಕೆ ಈಗ ನಿಮ್ಮ ಚಿಕ್ಕಪ್ಪನ ವಯಸ್ಸು. ಮಳೆಗಾಲದಲ್ಲಿ ಶರಾವತಿಯಂಥ ಜಲವಿದ್ಯುತ್ ಮತ್ತು ಗಾಳಿ ವಿದ್ಯುತ್ ಜೋರಾಗಿದ್ದಾಗ, ಹಗಲು ಹೊತ್ತು ಪಾವಗಡದ ಸೋಲಾರ್ ತುಂಬಿ ಬರುವಾಗ, "ನಿಮ್ಮದು ಕಡಿಮೆ ಮಾಡ್ರಿ" ಅಂತ ಹೇಳಿಸಿಕೊಳ್ಳೋದು ಕಲ್ಲಿದ್ದಲು ಸ್ಥಾವರವೇ. ಸಂಜೆ ಎಲ್ಲರ ಮನೆಯಲ್ಲೂ ಲೈಟು ಹತ್ತಿದಾಗ ಮತ್ತೆ ಎಬ್ಬಿಸುತ್ತಾರೆ. ಅಣು ಸ್ಥಾವರಕ್ಕೆ ಹೀಗೆ ಯಾರೂ ಏಳು-ಕೂರು ಮಾಡಿಸಲ್ಲ. ಅದು ಓಡುತ್ತಲೇ ಇರಲಿ ಅಂತಲೇ ನಿಯಮ. ಹಾಗಾಗಿ ಕೈಗಾದ ದಾಖಲೆ ದೊಡ್ಡದೇ, ಆದರೆ ಇಬ್ಬರೂ ಒಂದೇ ಪರೀಕ್ಷೆ ಬರೆದಿಲ್ಲ.

ಮುಂದೇನು? ಕೈಗಾದಲ್ಲಿ 5 ಮತ್ತು 6ನೇ ಘಟಕ ಬರ್ತಿವೆ, ತಲಾ 700 ಮೆಗಾವಾಟ್. 2017ರಲ್ಲಿ ಕೇಂದ್ರ ಸಂಪುಟ ಒಟ್ಟಿಗೆ ಒಪ್ಪಿದ ಹತ್ತು ರಿಯಾಕ್ಟರುಗಳಲ್ಲಿ ಇವೂ ಸೇರಿವೆ. ಮುಗಿದರೆ ಕೈಗಾ 2,280 ಮೆಗಾವಾಟ್ ಆಗಿ ಆರ್‌ಟಿಪಿಎಸ್ ಅನ್ನು ಹಿಂದೆ ಹಾಕುತ್ತೆ. ದೇಶದ ಗುರಿ ಇನ್ನೂ ದೊಡ್ಡದು. ಎಂಟು ಸಾವಿರ ಚಿಲ್ಲರೆ ಮೆಗಾವಾಟ್ ಇರುವ ಅಣು ವಿದ್ಯುತ್ತನ್ನು 2047ಕ್ಕೆ ಒಂದು ಲಕ್ಷಕ್ಕೆ ಏರಿಸುತ್ತೇವೆ ಅಂತ 2025ರ ಬಜೆಟ್‌ನಲ್ಲಿ ಹೇಳಿದ್ದಾರೆ. ಅಷ್ಟು ಕಟ್ಟಬೇಕಂದ್ರೆ ಹೊಸ ಜಾಗ ಬೇಕೇ ಬೇಕು, ಆ ಹುಡುಕಾಟದಲ್ಲಿ ಸಮುದ್ರವಿಲ್ಲದ ಜಿಲ್ಲೆಗಳ ಹೆಸರೂ ಬರೋದು ಸಹಜ. ಅಂದಹಾಗೆ, ದೇವದುರ್ಗದಿಂದ ಕೃಷ್ಣಾ ದಾಟಿದರೆ ಸಿಗುವ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಅದಿರೂ ಇದೆ. ಆದರೆ ಅದಿರು ಹತ್ತಿರ ಇದೆ ಅಂತ ಸ್ಥಾವರ ಹತ್ತಿರ ಕಟ್ಟಲ್ಲ. ದಿನಕ್ಕೆ ನೂರು ಕಿಲೋ ಸಾಗಿಸೋದು ಲಾರಿಗೆ ಭಾರವೇ ಅಲ್ಲ.

ಭಾರ ಆಗೋದು ನೀರು. ನನ್ನ ಪ್ರಕಾರ ಇಡೀ ಚರ್ಚೆ ನಿಲ್ಲಬೇಕಾದ್ದು ಇಲ್ಲಿ.

ಹರಿಯಾಣದ ಗೋರಖ್‌ಪುರದಲ್ಲಿ ಕೈಗಾ 5, 6ರ ಮಾದರಿಯ ನಾಲ್ಕು ರಿಯಾಕ್ಟರ್, ಒಟ್ಟು 2,800 ಮೆಗಾವಾಟ್, ಯೋಜನೆಯಲ್ಲಿವೆ. ಅಲ್ಲೂ ಸಮುದ್ರವಿಲ್ಲ, ಕಾಲುವೆ ನೀರೇ ಗತಿ. ಅದಕ್ಕೆ ಗೊತ್ತು ಮಾಡಿದ್ದು ಸುಮಾರು 320 ಕ್ಯೂಸೆಕ್. ಕ್ಯೂಸೆಕ್ ಲೆಕ್ಕ ಮಾನ್ವಿಯವರಿಗೆ ನಾನು ಹೇಳಿಕೊಡಬೇಕಾ? ವರ್ಷಪೂರ್ತಿ ಹರಿದರೆ ಹತ್ತು ಟಿಎಂಸಿ. ಅರ್ಧ ಗಾತ್ರದ್ದು ಕಟ್ಟಿದರೂ ಐದು ಟಿಎಂಸಿ. ತುಂಗಭದ್ರಾ ಜಲಾಶಯ ತುಂಬಿದರೆ 105 ಟಿಎಂಸಿ ಆಸುಪಾಸು, ಅಷ್ಟಿದ್ದೂ ಎಡದಂಡೆ ಕಾಲುವೆಯ ಕೊನೆ ಭಾಗದ ಭತ್ತದ ಗದ್ದೆಗೆ ನೀರು ಮುಟ್ಟಲಿಲ್ಲ ಅಂತ ಪ್ರತಿ ವರ್ಷ ಗಲಾಟೆ. ಕೃಷ್ಣಾ ಕಡೆಯೂ ಬೇಸಿಗೆಯಲ್ಲಿ ಶಕ್ತಿನಗರದ ಸ್ಥಾವರಕ್ಕೆ ಅಂತಲೇ ನಾರಾಯಣಪುರದಿಂದ ನೀರು ಬಿಡುವ ಪರಿಸ್ಥಿತಿ ಬರುತ್ತೆ.

ಕಲ್ಲಿದ್ದಲು ಸ್ಥಾವರಕ್ಕೆ ನೀರಿಲ್ಲ ಅಂದ್ರೆ ಬೆಂಕಿ ಆರಿಸಿ ಸುಮ್ಮನಿರಬಹುದು, ಕರೆಂಟು ಮಾತ್ರ ನಷ್ಟ. ಅಣು ರಿಯಾಕ್ಟರ್ ಹಾಗಲ್ಲ. ನಿಲ್ಲಿಸಿದ ಕ್ಷಣದಲ್ಲೂ ಪೂರ್ತಿ ಶಾಖದ ಶೇಕಡಾ 6-7ರಷ್ಟು ಒಳಗೆ ಹುಟ್ಟುತ್ತಲೇ ಇರುತ್ತೆ. ಒಂದು ದಿನದಲ್ಲಿ ಶೇಕಡಾ ಒಂದಕ್ಕಿಂತ ಕೆಳಗಿಳಿದರೂ ಸೊನ್ನೆ ಆಗಲ್ಲ. ಅದನ್ನು ತಂಪಾಗಿಡಲು ನೀರು ಬೇಕು, ಅದನ್ನು ತಳ್ಳಲು ಪಂಪು ಬೇಕು. 2011ರಲ್ಲಿ ಫುಕುಶಿಮಾದಲ್ಲಿ ಕೈಕೊಟ್ಟಿದ್ದು ಇದೇ ತಂಪಾಗಿಸುವ ವ್ಯವಸ್ಥೆ. ಹೀಗಂದ ತಕ್ಷಣ ಹೆದರಬೇಕಿಲ್ಲ. ಕೈಗಾಕ್ಕೆ ಕದ್ರಾ ಜಲಾಶಯ ಇದೆ, ರಾಜಸ್ಥಾನದ ರಾವತ್‌ಭಾಟಾಕ್ಕೆ ರಾಣಾ ಪ್ರತಾಪ ಸಾಗರ ಇದೆ. ಆ ಥರ ಮೇ ತಿಂಗಳಲ್ಲೂ ತುಂಬಿದ ನೀರು ನಮ್ಮಲ್ಲಿ ಎಲ್ಲಿದೆ ಅನ್ನೋದು ಪ್ರಶ್ನೆ.

"ಇಲ್ಲೇ ಕರೆಂಟು ತಯಾರಾದರೆ ನಮಗೆ ಕಟ್ ಇರಲ್ಲ" ಅಂತ ಕೆಲವರು ಬರೆದಿದ್ದೀರಿ. ಆಸೆ ಸರಿ, ಲೆಕ್ಕ ತಪ್ಪು. ಕರೆಂಟು ಗ್ರಿಡ್‌ಗೆ ಹೋಗುತ್ತೆ. ದಕ್ಷಿಣದ ಗ್ರಿಡ್ ಉಳಿದ ದೇಶದ ಗ್ರಿಡ್ ಜೊತೆ ಒಂದಾದದ್ದೇ 2013ರ ಡಿಸೆಂಬರ್ 31ರಂದು, ನಮ್ಮ ರಾಯಚೂರು-ಸೊಲ್ಲಾಪುರ 765 ಕೆವಿ ಲೈನಿನಿಂದ. ಅಷ್ಟು ದೊಡ್ಡ ಲೈನು ಇಲ್ಲಿಂದ ಹೊರಟಿದ್ದರೂ ದೇವದುರ್ಗದ ಹಳ್ಳಿಯ ಪಂಪ್‌ಸೆಟ್ಟು ಜೆಸ್ಕಾಂ ಲೈನು, ಟ್ರಾನ್ಸ್‌ಫಾರ್ಮರ್ ಸರಿ ಇದ್ದರೆ ಮಾತ್ರ ಓಡೋದು. ಶಕ್ತಿನಗರದ ನೆರಳಲ್ಲೇ ಇರೋ ಊರಿನವರಿಗೆ ಇದು ಚೆನ್ನಾಗಿ ಗೊತ್ತು.

ಇಂಥ ಯೋಜನೆ ಎಲ್ಲೇ ಬಂದರೂ ಪರಿಸರ ಅನುಮತಿಗೆ ಮುಂಚೆ ಸಾರ್ವಜನಿಕ ಅಹವಾಲು ಸಭೆ ನಡೀಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಸಿಕ್ಕರೆ ನೇರ ನೀರಿನ ಭಾಗ ತೆಗೆದು ನೋಡಿ: ಎಷ್ಟು ಕ್ಯೂಸೆಕ್, ಯಾವ ಜಲಾಶಯದಿಂದ, ಏಪ್ರಿಲ್-ಮೇನಲ್ಲಿ ಯಾರ ಪಾಲಿನದು. ಫೋಟೋ ತೆಗೆದು ನನಗೂ ಕಳಿಸಿ. ಮುಂದಿನ ವಾರ ಶಕ್ತಿನಗರದ ಬೂದಿ ಎಲ್ಲಿಗೆ ಹೋಗುತ್ತೆ ಅಂತ ನೋಡೋಣ.