ನಿಮಗಿದು ಗೊತ್ತೆ? ಅಂಕಪಟ್ಟಿಯಲ್ಲಿ ಕೆಂಪಿಗೇ ಜಾಗವಿಲ್ಲ!

ನೂರಕ್ಕೆ 80 ಅಂಕ ಪಡೆದ ಎಲ್‌ಇಡಿ ದೀಪ, ಕಡುಗೆಂಪು ತೋರಿಸುವುದರಲ್ಲಿ ಸೊನ್ನೆಯ ಆಸುಪಾಸಿನಲ್ಲಿರಬಹುದು!

ದೀಪದ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂದು ಹೇಳುವ ಅಂಕವೇ ‘ಸಿಆರ್‌ಐ’. ಈ ಪರೀಕ್ಷೆಯಲ್ಲಿ ಲೆಕ್ಕಕ್ಕೆ ಬರುವುದು ಎಂಟೇ ಬಣ್ಣ, ಅವೂ ತಿಳಿಬಣ್ಣಗಳು. ಒಂಬತ್ತನೆಯದಾದ ಕಡುಗೆಂಪಿಗೆ ‘ಆರ್‌9’ ಎಂಬ ಹೆಸರೇನೋ ಇದೆ, ಸರಾಸರಿಯಲ್ಲಿ ಪಾಲಿಲ್ಲ.

ಬಿಳಿ ಎಲ್‌ಇಡಿ ಅಸಲಿಗೆ ನೀಲಿ. ಅದರ ಮೇಲೆ ಹಳದಿ ಫಾಸ್ಫರ್ ಬಳಿದು ಬಿಳಿ ಮಾಡುತ್ತಾರೆ. ಕೆಂಪು ಅಲ್ಲಿ ಕಡಿಮೆ. ಹಾಗಾಗಿಯೇ ಅಂಗಡಿಯೊಳಗೆ ಮಂಕಾಗಿ, ಕಂದು ತಿರುಗಿದಂತೆ ಕಂಡ ಇಳಕಲ್ ಸೀರೆಯ ಕೆಂಪು ಸೆರಗು, ಬಾಗಿಲ ಬಳಿ ಹಿಡಿದೊಡನೆ ಕುಂಕುಮದಂತೆ ಝಗ್ಗೆನ್ನುತ್ತದೆ. ತರಕಾರಿ ಅಂಗಡಿಯ ಟೊಮೆಟೊಗೂ ಇದೇ ಗತಿ.

ಕೆಂಪು ಸೇರಿಸಬಾರದೇಕೆ? ಸೇರಿಸುತ್ತಾರೆ. ಆದರೆ ನಮ್ಮ ಕಣ್ಣು ಹಸಿರು-ಹಳದಿಗೆ ಚುರುಕು, ಕಡುಗೆಂಪಿಗೆ ಮಂದ. ಕೆಂಪಿಗೆ ಸುರಿದ ಕರೆಂಟು ಅಷ್ಟಾಗಿ ಬೆಳಕಾಗಿ ಕಾಣುವುದೇ ಇಲ್ಲ. 90 ಅಂಕ ದಾಟಿದ ದೀಪ ಅಷ್ಟೇ ವ್ಯಾಟ್‌ಗೆ ಸಾಮಾನ್ಯವಾಗಿ ಕಡಿಮೆ ಲ್ಯೂಮೆನ್ ಕೊಡುತ್ತದೆ, ಬೆಲೆಯೂ ತುಸು ಜಾಸ್ತಿ. ಸೀರೆ ಬಿಚ್ಚಿ ತೋರಿಸುವ ಗಾದಿಯ ಮೇಲಷ್ಟೇ ಅದನ್ನು ಹಾಕಿ, ಓಡಾಡುವ ಜಾಗಕ್ಕೂ ಗೋದಾಮಿಗೂ 80ರ ದೀಪ ಇಡುವುದು ಜಾಣತನ.

ಹಳೆಯ ಬುರುಡೆ ಬಲ್ಬು ಇದೇ ಪರೀಕ್ಷೆಯಲ್ಲಿ ನೂರಕ್ಕೆ ನೂರು. ಆದರೆ ಅದು ತಿಂದ ಕರೆಂಟಿನಲ್ಲಿ ಶೇ 90ಕ್ಕೂ ಹೆಚ್ಚು ಪಾಲು ಹೋಗುತ್ತಿದ್ದದ್ದು ಬರೀ ಶಾಖಕ್ಕೆ!